ಮೊಮ್ಮಗಳ ಟೇಬಲ್ಲಿನ ಗಿರಾಕಿ

ನಿಮ್ಮ ಮನೆಯ ಹುಡುಗಿಯನ್ನು ಕೆಲಸದಿಂದ ತೆಗೆಸಲು ನೀವು ಎಷ್ಟು ದೊಡ್ಡ ಸುಳ್ಳು ಹೇಳಬಲ್ಲಿರಿ? ಬೇಡ, ಒಳ್ಳೆಯವರ ಮುಖ ಮಾಡಿಕೊಳ್ಳಬೇಡಿ, ನಿಮ್ಮನ್ನು ಯಾರೂ ನೋಡುತ್ತಿಲ್ಲ. ನಾನಂತೂ ಹೇಳಿದ್ದೇನೆ. ತುಂಬಿದ ಹೋಟೆಲಿನಲ್ಲಿ ಎದ್ದು ನಿಂತು, ನನಗೆ ಬರುವ ಹತ್ತು ಹನ್ನೆರಡು ಇಂಗ್ಲಿಷ್ ಶಬ್ದಗಳನ್ನೇ ತಿರುಗಾಮುರುಗಾ ಜೋಡಿಸಿ ಹೇಳಿದ್ದೇನೆ.

ಹೋದ ಭಾನುವಾರ ಮಗಳು ಶೈಲಾ, ಮೊಮ್ಮಗಳು ಮೇಘನಾ ಇಬ್ಬರೂ ನನ್ನನ್ನು ನಾವಿರುವ ಮೆಟುಚೆನ್ ಊರಿನ ರೈಲು ಸ್ಟೇಷನ್ನಿನ ಹಿಂದೆ ಡೈನರ್ ಎನ್ನುವ ಈ ದೇಶದ ಖಾನಾವಳಿಗೆ ಕರೆದುಕೊಂಡು ಹೋದರು. ಬಾಗಿಲು ತೆಗೆದದ್ದೇ ತಡ, ಹಂಚಿನ ಮೇಲೆ ಕರಗುವ ಬೆಣ್ಣೆ, ಸೀದುಹೋದ ಕಾಫಿ, ಒದ್ದೆ ಬಟ್ಟೆಯಿಂದ ಒರೆಸಿದ ಟೇಬಲ್ಲು, ಮೂರೂ ಸೇರಿದ ಆ ವಾಸನೆ ಮುಖಕ್ಕೆ ಬಡಿಯಿತು. ಎರಡು ವರ್ಷದಿಂದ ನಾನು ಆ ಬಾಗಿಲು ದಾಟಿರಲಿಲ್ಲ. ದಾಟಕೂಡದು ಎಂದು ನನಗೆ ಅಪ್ಪಣೆಯಾಗಿತ್ತು. ಆ ಚಳಿಗಾಲದ ಕಥೆಯನ್ನು ಈಗ ಬರೆಯುತ್ತಿದ್ದೇನೆ. ಫೋನಿನಲ್ಲಿ ಕನ್ನಡ ಒತ್ತಲು ಕಲಿತು ಇನ್ನೂ ಎರಡು ತಿಂಗಳು. ಒಂದೇ ಬೆರಳು ನಡೆಯುತ್ತದೆ. ಹಾಗಾಗಿ ಸುಳ್ಳು ಸೇರಿಸುವಷ್ಟು ಪುರುಸೊತ್ತಿಲ್ಲ, ನಡೆದದ್ದನ್ನಷ್ಟೇ ಬರೆಯುತ್ತೇನೆ.

ಮೊದಲು ನನ್ನ ಕಸುಬು ಹೇಳಿಬಿಡಬೇಕು. ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಮೂವತ್ತು ವರ್ಷ ನಾನು ಖಾನಾವಳಿ ನಡೆಸಿದವಳು. ಜೋಳದ ರೊಟ್ಟಿ, ಎರಡು ಪಲ್ಯ, ಸಾರು, ಅನ್ನ, ಮೇಲೊಂದು ಬಟ್ಟಲು ಮೊಸರು. ಗಂಡ ಶೈಲಾ ಮೂರು ವರ್ಷದವಳಿದ್ದಾಗ ತೀರಿಕೊಂಡ. ರೊಟ್ಟಿ ಬಡಿಯುವುದು, ಬಡಿಸುವುದು, ಉಂಡೆದ್ದ ತಾಟು ಎತ್ತುವುದು, ತಿಕ್ಕುವುದು, ಎಲ್ಲಾ ನಾನೇ. ಮಗಳನ್ನು ಮಾತ್ರ ಕೆಳಗೆ ಇಳಿಸಲಿಲ್ಲ. ಅವಳು ಅಟ್ಟದ ಮೇಲೆ ಕುಳಿತು ಓದುತ್ತಿದ್ದಳು. ಒಮ್ಮೆ ಎಂಟನೇ ಇಯತ್ತೆಯಲ್ಲಿದ್ದಾಗ ನನಗೆ ಜ್ವರವೆಂದು ಇಳಿದು ಬಂದು ಒಂದು ತಾಟಿಗೆ ಕೈ ಹಾಕಿದಳು. ಲಟ್ಟಣಿಗೆಯಿಂದ ಮುಂಗೈಗೆ ಹೊಡೆದೆ. ಅವಳೀಗ ಈ ದೇಶದಲ್ಲಿ ಹಲ್ಲಿನ ಡಾಕ್ಟರು, ನಾನಿರುವುದೂ ಅವಳ ಮನೆಯಲ್ಲೇ. ಮಂದಿಯ ಬಾಯೊಳಗೆ ಕೈ ಹಾಕುತ್ತಾಳೆ, ಆದರೆ ಎಂಜಲು ಎತ್ತುವುದಿಲ್ಲ. ಇದರಲ್ಲಿ ನಗುವಂಥದ್ದೇನೂ ಇಲ್ಲ, ಅಳಿಯ ನಕ್ಕು ನಕ್ಕು ಸಾಕಾಗಿದ್ದಾನೆ.

ಆ ವರ್ಷ ಮೇಘನಾಗೆ ಹದಿನೇಳು. ಶಾಲೆಯ ಕಡೇ ವರ್ಷ. ಡಿಸೆಂಬರಿನಲ್ಲಿ ಅವಳು ಆಸೆಪಟ್ಟ ಕಾಲೇಜಿನಿಂದ ಇಲ್ಲ ಎಂದು ಉತ್ತರ ಬಂತು. ಮನೆಯಲ್ಲಿ ಯಾರೂ ಬೈಯಲಿಲ್ಲ, ಅದೇ ತಪ್ಪಾಯಿತು. ಎಲ್ಲರೂ ಮೆಲ್ಲಗೆ ಮಾತಾಡತೊಡಗಿದರು, ಕಾಯಿಲೆಯವರಿದ್ದ ಮನೆಯಂತೆ. ಸಂಕ್ರಾಂತಿಯ ಎಳ್ಳು ಹುರಿಯುತ್ತಿದ್ದ ಸಂಜೆ ಅವಳು ಅಡುಗೆಮನೆಗೆ ಬಂದು, ಒಂದು ಕಪ್ಪು ಏಪ್ರನ್ನು ಮೇಜಿನ ಮೇಲಿಟ್ಟಳು.

"ಐ ಗಾಟ್ ಎ ಜಾಬ್. ಸ್ಟೇಷನ್ ಹತ್ರ ಡೈನರ್. ವೇಟ್ರೆಸ್," ಎಂದಳು.

ನಾನು ಎಳ್ಳಿನ ಕೈ ನಿಲ್ಲಿಸಿದೆ. "ಅಂದ್ರ ಏನ ಮಾಡ್ತೀ ಅಲ್ಲಿ?"

"ಫುಡ್ ಕೊಡೋದು. ಆಮೇಲೆ ಪ್ಲೇಟ್ ಎತ್ತೋದು. ಸೇಮ್ ಆಸ್ ಯು, ಆಯಿ."

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನಾನು ಶೈಲಾಳ ಮುಖ ನೋಡಿದೆ. ಅವಳು ಫೋನು ನೋಡುತ್ತಾ, "ಇಲ್ಲಿ ಎಲ್ಲಾ ಹುಡುಗ್ರೂ ಮಾಡ್ತಾರವ್ವಾ. ಮಾಡ್ಲಿ ಬಿಡು, ಮನಸಿಗೆ ಚಲೋ ಅನಸ್ತೈತಿ," ಎಂದಳು.

"ಮಂದಿ ಎಂಜಲಾ ಎತ್ತಿದ್ರ ಮನಸಿಗೆ ಚಲೋ ಅನಸ್ತೈತೇನು? ಅದಕ್ಕ ಏನ ನಿನ್ನ ಅಟ್ಟದ ಮ್ಯಾಲೆ ಕುಂದ್ರಿಸಿದ್ದು ನಾನು?"

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪ್ರತಿರಾತ್ರಿ ಊಟವಾದ ಮೇಲೆ ನನ್ನ ಕಣ್ಣಿಗೆ ಔಷಧದ ಹನಿ ಹಾಕಿ, ಬಿ.ಪಿ. ಗುಳಿಗೆಗೆ ಬಿಸಿನೀರು ಕೊಡುವವಳು ಮೇಘನಾ. ಆರು ವರ್ಷದ ಕೂಸಿದ್ದಾಗಿನಿಂದ ಅದು ಅವಳ ಕೆಲಸ. ಅವತ್ತು ಅವಳು ನೀರಿನ ಲೋಟ ತಂದು ಚಾಚಿದಾಗ ನಾನು ಕೈ ಹಿಂದೆ ಕಟ್ಟಿಕೊಂಡು ಹೇಳಿಬಿಟ್ಟೆ: "ಎಂಜಲಾ ಎತ್ತೋ ಕೈಲೆ ನನಗ ನೀರ ಕೊಡಬ್ಯಾಡ. ಆ ಕೆಲಸ ಬಿಟ್ಟ ದಿನಾ ತಗೊಂಡು ಬಾ."

ಅವಳು ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು. "ಓಕೆ," ಎಂದು ಮೆಟ್ಟಿಲು ಹತ್ತಿ ಹೋದಳು. ಮರುದಿನದಿಂದ ನೀರು ಶೈಲಾ ತಂದಿಟ್ಟಳು, ಕಣ್ಣಿಗೆ ಹನಿಯನ್ನೂ ಅವಳೇ ಹಾಕಿದಳು. ಹಲ್ಲಿನ ಡಾಕ್ಟರಲ್ಲವೇ, ಹನಿ ನೇರ ಮೂಗಿನೊಳಗೆ ಹೋಗುತ್ತಿತ್ತು.

ಹುಡುಗಿ ಒಂದು ವಾರದಲ್ಲಿ ಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಹಾಗಾದರೆ ಬಿಡಿಸಬೇಕು. ಬಡಿಸುವವರನ್ನು ಅಳಿಸುವುದು ಹೇಗೆಂದು ಮೂವತ್ತು ವರ್ಷ ಗಿರಾಕಿಗಳು ನನಗೆ ಕಲಿಸಿದ್ದರು. ಅಳಿಯನ ದಪ್ಪ ಜಾಕೆಟ್ಟು, ಶೈಲಾಳ ಹಿಮದ ಬೂಟು ಹಾಕಿಕೊಂಡು, ಪರ್ಸಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಯಿಟ್ಟುಕೊಂಡು ಒಂದು ಶನಿವಾರ ಬೆಳಿಗ್ಗೆ ಹೊರಟೆ. ಮನೆಯಿಂದ ಹತ್ತು ನಿಮಿಷದ ದಾರಿ. ಹಿಮ ಕರಗಲೆಂದು ಉಪ್ಪು ಚೆಲ್ಲಿದ್ದರು, ಆದರೂ ನನ್ನ ಕಾಲಿಗೆ ಅರ್ಧ ಗಂಟೆ ಹಿಡಿಯಿತು.

ಹೊರಗಿನಿಂದ ರೈಲಿನ ಡಬ್ಬಿಯಂತೆ ಉದ್ದಕ್ಕೆ ಸ್ಟೀಲು ಬಡಿದ ಕಟ್ಟಡ. ಒಳಗೆ ಒಂದು ಬದಿಗೆ ಉದ್ದನೆಯ ಕೌಂಟರು, ಅದರ ಮುಂದೆ ತಿರುಗುವ ಸ್ಟೂಲುಗಳು. ಇನ್ನೊಂದು ಬದಿ ಕಿಟಕಿಗೆ ಹತ್ತಿ ಎದುರುಬದುರು ಕೆಂಪು ಸೀಟುಗಳ ಬೂತುಗಳು. ಸೀಟು ಹರಿದ ಕಡೆ ಅದೇ ಬಣ್ಣದ ಟೇಪು ಅಂಟಿಸಿದ್ದರು. ಗಾಜಿನ ಪೆಟ್ಟಿಗೆಯಲ್ಲಿ ಕೇಕುಗಳು ಗಿರಗಿರನೆ ತಿರುಗುತ್ತಿದ್ದವು, ಯಾರೂ ಕೇಳದಿದ್ದರೂ. ಖಾಲಿಯಿದ್ದ ಬೂತಿನಲ್ಲಿ ಹೋಗಿ ಕುಳಿತೆ. ಯಾರಾದರೂ ಬಂದು ಕೂರಿಸುವ ತನಕ ಬಾಗಿಲಲ್ಲೇ ನಿಲ್ಲಬೇಕಂತೆ. ನನಗೇನು ಗೊತ್ತು? ನಮ್ಮ ಖಾನಾವಳಿಯಲ್ಲಿ ನಿಂತವನಿಗೆ ರೊಟ್ಟಿ ಸಿಗುತ್ತಿರಲಿಲ್ಲ.

ಅಂದು ಮೇಘನಾ ಇನ್ನೂ ಬಂದಿರಲಿಲ್ಲ. ಬಂದವಳು ಡಾಟ್ ಎಂಬ ಹೆಂಗಸು. ನನಗಿಂತ ಐದಾರು ವರ್ಷ ಚಿಕ್ಕವಳಿರಬೇಕು. ಕೂದಲಲ್ಲಿ ಪೆನ್ಸಿಲ್ಲು, ಬಾಯಲ್ಲಿ ಚೂಯಿಂಗ್ ಗಮ್ಮು. "ಮಾರ್ನಿಂಗ್, ಹನ್," ಎಂದು ಮೆನು ಇಟ್ಟಳು. ಹನ್ ಎಂದರೆ ಚಿನ್ನಾ ಎಂದ ಹಾಗಂತೆ. ಮೆನುವೋ ಪಂಚಾಂಗವೋ! ಹದಿನಾರು ಪುಟ. ಹಂಚಿನ ಮೇಲೆ ಹಂದಿಮಾಂಸ ಬೇಯಿಸುವುದು ಕಾಣುತ್ತಲೇ ಇತ್ತು, ಹಾಗಾಗಿ ಹಂಚು ಮುಟ್ಟದ ಎರಡೇ ಪದಾರ್ಥ ಆರಿಸಿದೆ. ಟೋಸ್ಟು, ಕಾಫಿ. ಟೋಸ್ಟಿನ ಮೇಲೆ ಚಟ್ನಿಪುಡಿ ಹಚ್ಚಿಕೊಂಡು ಎರಡನೇ ತುಂಡು ಬಾಯಿಗಿಟ್ಟಿದ್ದೆನಷ್ಟೇ, ಡಾಟ್ ಬಂದು ಬಿಲ್ಲಿನ ಚೀಟಿಯನ್ನು ತಾಟಿನ ಪಕ್ಕ ಮಗುಚಿ ಇಟ್ಟು, "ನೋ ರಶ್, ಹನ್," ಎಂದು ಹೋದಳು.

ನನ್ನ ಮೈ ಉರಿದುಹೋಯಿತು. ಉಣ್ಣುವವನ ಮುಂದೆ ಬಿಲ್ಲು ಇಡುವುದೆಂದರೆ ಎದ್ದು ಹೋಗು ಎಂದ ಹಾಗೆ. ನಮ್ಮಲ್ಲಿ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು, ಗಿರಾಕಿಯೇ ಜೇಬಿಗೆ ಕೈ ಹಾಕುವ ತನಕ ದುಡ್ಡಿನ ಮಾತೇ ಬರಬಾರದು. ಚೀಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಡಾಟಳ ಹಿಂದೆ ಹೋಗಿ ಕೌಂಟರಿನ ಮೇಲಿಟ್ಟು, "ಐ ಈಟಿಂಗ್!" ಎಂದೆ. ಅವಳು ಏನೂ ಅರ್ಥವಾಗದೆ ಅದನ್ನು ತಂದು ಮತ್ತೆ ನನ್ನ ತಾಟಿನ ಪಕ್ಕ ಇಟ್ಟಳು. ಮತ್ತೆ ಕೊಟ್ಟೆ. ಮತ್ತೆ ಇಟ್ಟಳು. ಕೌಂಟರಿನ ಮುದುಕರು ಟೆನ್ನಿಸ್ ನೋಡುವಂತೆ ಕತ್ತು ಆಡಿಸಿದರು.

ತಿಂದಾದ ಮೇಲೆ ಮನೆಯ ಪದ್ಧತಿಯಂತೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತಿರುವಿ ತೊಳೆದು, ಆ ನೀರನ್ನು ಕುಡಿದೆ. ನಮ್ಮ ಮನೆತನದಲ್ಲಿ ಅದು ಹಿರಿಯರ ಕಾಲದಿಂದ ಬಂದದ್ದು. ಪ್ರಸಾದ ಚೆಲ್ಲಬಾರದು, ನಮ್ಮ ಎಂಜಲು ಇನ್ನೊಬ್ಬರು ಎತ್ತಬಾರದು. ಡಾಟ್ ಚೂಯಿಂಗ್ ಗಮ್ಮು ನಿಲ್ಲಿಸಿ ನೋಡಿದಳು. ನಾನೂ ನೋಡಿದೆ. ಆ ದಿನದಿಂದ ಶುರು ನಮ್ಮ ವೈರ. ಇನ್ನೊಂದು ದಿನ ನೀರು ಕೇಳಿದರೆ ಅವಳು ನನ್ನ ಪಕ್ಕದಲ್ಲೇ ಹಾದುಹೋಗುತ್ತಾ, "ನಾಟ್ ಮೈ ಟೇಬಲ್," ಎಂದಳು. ಪ್ರತಿ ಬಡಿಸುವವಳಿಗೆ ಇಂತಿಷ್ಟು ಟೇಬಲ್ಲೆಂದು ಹಂಚಿಕೆಯಂತೆ. ಪಕ್ಕದ ಟೇಬಲ್ಲಿನವನು ಬಿಕ್ಕಳಿಸಿ ಸತ್ತರೂ ಅವಳದಲ್ಲ.

ಆ ಹಂಚಿಕೆಯಿಂದಲೇ ನನಗೆ ಅಸ್ತ್ರ ಸಿಕ್ಕಿತು. ಕಿಟಕಿಯ ಕೊನೆಯ ನಾಲ್ಕು ಬೂತು ಮೇಘನಾಳವು. ವಾರಕ್ಕೆ ಎರಡು ಸಂಜೆ, ಶನಿವಾರ ಮಧ್ಯಾಹ್ನ ಅವಳ ಪಾಳಿ. ನಾನು ಅಷ್ಟೂ ಹೊತ್ತು ಅಲ್ಲಿ ಹಾಜರು.

ಮೊದಲ ಸಲ ಅವಳು ನನ್ನನ್ನು ನೋಡಿ ಒಂದು ಕ್ಷಣ ನಿಂತಳು. ಎದೆಯ ಮೇಲೆ ಹೆಸರಿನ ಬಿಲ್ಲೆ, 'ಮೆಗ್' ಎಂದು. ಉಳಿದರ್ಧ ಹೆಸರನ್ನು ಯಾವ ಮುಸುರೆ ಬಕೆಟ್ಟಿಗೆ ಹಾಕಿದ್ದಳೋ. ಪೆನ್ಸಿಲು ತೆಗೆದು, ನನ್ನನ್ನು ಜನ್ಮದಲ್ಲಿ ಕಂಡಿಲ್ಲದವಳಂತೆ, "ಹಾಯ್, ವಾಟ್ ಕ್ಯಾನ್ ಐ ಗೆಟ್ ಯು, ಮ್ಯಾಮ್?" ಎಂದಳು.

ಮ್ಯಾಮ್! ನಾನು ಎತ್ತಿ ಆಡಿಸಿದ ಕೂಸು.

"ಟೋಸ್ಟು. ಕರಿ ಆಗಬಾರದು," ಎಂದೆ.

ಬಂತು. ಬೆಳ್ಳಗಾಯಿತೆಂದು ವಾಪಸು ಕಳಿಸಿದೆ. ಮತ್ತೆ ಬಂತು. ತಣ್ಣಗಾಯಿತೆಂದೆ. ಮತ್ತೆ ಬಂತು. ಬೆಣ್ಣೆ ಹೆಚ್ಚೆಂದೆ. ನಾಲ್ಕನೇ ಸಲಕ್ಕೆ ಒಣ ಟೋಸ್ಟು, ಬೇರೆ ಬಟ್ಟಲಲ್ಲಿ ಬೆಣ್ಣೆ, ಬೇರೆ ಬಟ್ಟಲಲ್ಲಿ ಬಿಸಿನೀರು, ಎಲ್ಲಾ ತಂದಿಟ್ಟು, "ಎನಿಥಿಂಗ್ ಎಲ್ಸ್, ಮ್ಯಾಮ್?" ಎಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಒಂದೇ ಕಾಫಿ ಇಟ್ಟುಕೊಂಡು ಮೂರು ಗಂಟೆ ಕುಳಿತೆ, ಜಾಗ ಹಿಡಿದಿರಲೆಂದು. ಏಳುವಾಗ ಎಂದಿನಂತೆ ತಾಟು ತೊಳೆದು ಕುಡಿದೆ. ಕನ್ನಡಿಯಂತೆ ಹೊಳೆಯುತ್ತಿದ್ದ ಆ ತಾಟಿನ ಕಡೆ ನೋಡಿ ಅವಳು, "ಆರ್ ಯು ಸ್ಟಿಲ್ ವರ್ಕಿಂಗ್ ಆನ್ ದಟ್?" ಎಂದು ಕೇಳಿದಳು. ಇನ್ನೂ ತಿನ್ನುತ್ತಿದ್ದೀರಾ ಎಂದು! ಖಾನಾವಳಿಯವಳ ಮೊಮ್ಮಗಳೇ ಸರಿ ಎಂದು ಒಳಗೊಳಗೇ ಅನಿಸಿತು. ಅನಿಸಿದ್ದನ್ನು ಹೊರಗೆ ಬಿಡಲಿಲ್ಲ.

ಫೆಬ್ರವರಿಯೆಲ್ಲಾ ಹೀಗೇ ಹೋಯಿತು. ಹೊರಗೆ ಹಿಮ, ಒಳಗೆ ನಾನು. ಮನೆಯಲ್ಲಿ ಇಬ್ಬರೂ ಮಾತಾಡುತ್ತಿರಲಿಲ್ಲ, ಡೈನರಿನಲ್ಲಿ ಮಾತ್ರ ಮಾತು. ಅದೂ ಟೋಸ್ಟಿನದು. ಒಮ್ಮೆ ಅವಳು ಒಂದು ಕೈಯಲ್ಲಿ ಮೂರು ತಾಟು ಹಿಡಿದು ಬರುವಾಗ ಹೆಬ್ಬೆರಳು ತಾಟಿನ ಒಳಗೆ, ಸಾಸಿನ ಮೇಲೇ ಊರಿತ್ತು. ನನ್ನಿಂದ ತಡೆಯಲಾಗಲಿಲ್ಲ. ಕುಳಿತಲ್ಲಿಂದಲೇ ಕೂಗಿದೆ: "ಹೆಬ್ಬಟ್ಟ! ಹೆಬ್ಬಟ್ಟ ತಾಟಿನ್ಯಾಗ ಇಡಬ್ಯಾಡ! ಅಂಗೈ ಕೆಳಗ, ಹೆಬ್ಬಟ್ಟ ಅಂಚಿಗೆ!"

ಇಡೀ ಡೈನರು ತಿರುಗಿ ನೋಡಿತು. ಮೇಘನಾ ಕಿವಿ ಕೆಂಪಗೆ ಮಾಡಿಕೊಂಡು ಅಡುಗೆಮನೆಯೊಳಗೆ ಹೋದಳು. ಆದರೆ ಮುಂದಿನ ಶನಿವಾರ ನೋಡುತ್ತೇನೆ, ಹೆಬ್ಬೆರಳು ಅಂಚಿನಲ್ಲಿದೆ. ನಾನು ಕಿಟಕಿಯ ಹೊರಗೆ ನೋಡಿದೆ. ಅವಳೂ ಬೇರೆ ಕಡೆ ನೋಡಿದಳು.

ಮಾರ್ಚಿನಲ್ಲಿ ಹಿಮ ಕರಗಿ ರಸ್ತೆಯೆಲ್ಲಾ ಕೊಚ್ಚೆಯಾಗಿತ್ತು. ಒಂದು ಶನಿವಾರ ಎರಡು ಗಂಟೆಯ ಹೊತ್ತಿಗೆ ಹಿಲ್ಸ್‌ಬರೋ ಎಂಬ ಊರಿನ ಒಂದು ಕನ್ನಡದ ಸಂಸಾರ ಬಂತು. ಯುಗಾದಿ ಕೂಟಗಳಲ್ಲಿ ಶೈಲಾಳಿಗೆ ಪರಿಚಯ. ಗಂಡ, ಹೆಂಡತಿ, ಎರಡು ಸಣ್ಣ ಹುಡುಗರು. ಬಂದು ಕುಳಿತದ್ದು ನನ್ನ ಹಿಂದಿನ ಬೂತಿನಲ್ಲಿ. ಜಾಕೆಟ್ಟಿನೊಳಗೆ ಮುದುಡಿದ್ದ ನನ್ನನ್ನು ಅವರು ಗುರುತಿಸಲಿಲ್ಲ. ಸಣ್ಣವನು ಹಾಲಿನ ಲೋಟ ಉರುಳಿಸಿದ. ಮೇಘನಾ ಬಟ್ಟೆ ತಂದು, ಮೊಣಕಾಲೂರಿ, ಟೇಬಲ್ಲಿನ ಕೆಳಗೆ ತೂರಿ ಒರೆಸತೊಡಗಿದಳು.

"ಅಯ್ಯೋ, ನೀನು ಶೈಲಾ ಮಗಳಲ್ವೇನಮ್ಮಾ?" ಎಂದಿತು ಆ ಹೆಂಗಸಿನ ದನಿ. "ಡೆಂಟಿಸ್ಟ್ ಶೈಲಾ? ಏನಮ್ಮಾ ಇದು, ಏನ್ ಕಷ್ಟ ಬಂತು ನಿಮ್ಮನೇಗೆ?"

ಮೇಘನಾ ಕೆಳಗಿನಿಂದಲೇ, "ನೋ ಕಷ್ಟ, ಆಂಟಿ. ಐ ಲೈಕ್ ಇಟ್," ಎಂದಳು.

"ಕಾಲೇಜ್ ಸಿಗ್ಲಿಲ್ಲ ಅಂತ ಕೇಳ್ದೆ. ಪಾಪ," ಎಂದಳು ಆಕೆ. ಮೇಘನಾ ಆಚೆ ಹೋದ ಮೇಲೆ ಗಂಡನಿಗೆ, "ನೋಡ್ರೀ, ಅಷ್ಟು ಓದಿದ ತಾಯಿ, ಮಗಳು ನೆಲ ಒರೆಸ್ತಿದಾಳೆ," ಎಂದಳು.

ಅಷ್ಟು ಕೇಳಿ ನನ್ನ ತಲೆ ಕೆಟ್ಟುಹೋಯಿತು. ಎದ್ದು ಆ ಹೆಂಗಸಿನ ಜುಟ್ಟು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಸಿಟ್ಟು ಯಾರ ಮೇಲೆ ಬಂದಿತ್ತೋ ಅವರನ್ನು ಬಿಟ್ಟು, ಕೈಗೆ ಸಿಕ್ಕವರ ಮೇಲೆ ಹೋಯಿತು.

ನನ್ನ ಮುಂದೆ ಬೇಯಿಸಿದ ಆಲೂಗಡ್ಡೆಯಿತ್ತು. ಇಡೀ ಗಡ್ಡೆ, ನಡುವೆ ಸೀಳಿ, ಒಳಗೆ ಬೆಣ್ಣೆ. ಪಕ್ಕದ ಟೇಬಲ್ಲಿನವರು ಉಂಡು ಎದ್ದು ಹೋಗಿದ್ದರು, ತಾಟುಗಳನ್ನು ಇನ್ನೂ ಎತ್ತಿರಲಿಲ್ಲ. ಒಂದು ತಾಟಿನಲ್ಲಿ ಹಂದಿಮಾಂಸದ ಸುಟ್ಟ ಚೂರು ಬಿದ್ದಿತ್ತು. ಬೇಕನ್ ಎನ್ನುತ್ತಾರಲ್ಲ, ಅದು. ಮೇಘನಾ ಒಳಗೆ ಹೋಗಿದ್ದಳು, ಡಾಟ್ ಕೌಂಟರಿನಲ್ಲಿದ್ದಳು. ನಾನು ಕಾಗದದ ಕರವಸ್ತ್ರದಲ್ಲಿ ಕೈ ಸುತ್ತಿ, ಬಗ್ಗಿ, ಆ ಚೂರನ್ನು ಎತ್ತಿ ನನ್ನ ಆಲೂಗಡ್ಡೆಯ ಮೇಲಿಟ್ಟೆ. ಜನ್ಮದಲ್ಲಿ ಮಾಂಸ ಮುಟ್ಟದವಳು. ಆಮೇಲೆ ಎದ್ದು ನಿಂತು ಕಿರುಚಿದೆ.

"ಬೇಕನ್! ಐ ನೋ ಈಟ್ ಮೀಟ್! ಶೀ ಪುಟ್ ಬೇಕನ್! ದಿಸ್ ಗರ್ಲ್!"

ಮಾಲೀಕ ಸ್ಪೈರೋ ಓಡಿ ಬಂದ. ಗ್ರೀಸ್ ದೇಶದವನು, ಎಪ್ಪತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ಸದಾ ಒಂದು ಟವೆಲು. ತಾಟು ನೋಡಿದ, ನನ್ನ ಹಣೆಯ ವಿಭೂತಿ ನೋಡಿದ, ಅವನ ಮುಖ ಬಿಳಿಚಿಕೊಂಡಿತು. ಒಬ್ಬರ ಧರ್ಮದ ಊಟ ಕೆಡಿಸುವುದು ಅವನ ಅಂಗಡಿಯಲ್ಲಿ ದೊಡ್ಡ ಅಪರಾಧ.

"ಮೆಗ್! ಕಿಚನ್ನಿಗೆ ಹೇಳಿದ್ಯಾ ಇಲ್ವಾ ನೋ ಮೀಟ್ ಅಂತ?" ಎಂದು ಅವನ ಇಂಗ್ಲಿಷಿನಲ್ಲಿ ಗುಡುಗಿದ.

ಮೇಘನಾ ಒಳಗಿನಿಂದ ಬಂದಳು. ಆಲೂಗಡ್ಡೆ ನೋಡಿದಳು. ಖಾಲಿ ಟೇಬಲ್ಲಿನ ತಾಟು ನೋಡಿದಳು. ನನ್ನ ಮುಷ್ಟಿಯಲ್ಲಿದ್ದ ಮುದುಡಿದ ಕರವಸ್ತ್ರ ನೋಡಿದಳು. ಈ ಮುದುಕಿ ನನ್ನ ಅಜ್ಜಿ, ಸುಳ್ಳು ಹೇಳುತ್ತಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನೂ ಅದನ್ನೇ ಕಾಯುತ್ತಿದ್ದೆನೋ ಏನೋ.

"ಐ ಮಸ್ಟ್ ಹ್ಯಾವ್ ಫರ್ಗಾಟನ್," ಎಂದಳು. "ಸಾರಿ, ಮ್ಯಾಮ್."

ಸ್ಪೈರೋ ಅವಳನ್ನು ಆಗಲೇ ಮನೆಗೆ ಕಳಿಸಿದ. ಇನ್ನು ಬರುವುದು ಬೇಡ ಎಂದ. ಅವಳು ಏಪ್ರನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ಕೌಂಟರಿನ ಮೇಲಿಟ್ಟು ಹೋದಳು. ಹಿಲ್ಸ್‌ಬರೋದ ಆ ಹೆಂಗಸು, "ಪಾಪ, ಅಜ್ಜಿ ಬಾಯಿಗೆ ಹೋಗ್ಲಿಲ್ಲ ತಾನೇ?" ಎಂದು, ವಿಭೂತಿ ನೋಡಿ ಕನ್ನಡದವಳೆಂದುಕೊಂಡು, ನನ್ನನ್ನೇ ಕೇಳಿದಳು. ನಾನು ಕನ್ನಡ ಬರದವಳಂತೆ ಅವಳ ಮುಖ ನೋಡಿದೆ.

ಗೆದ್ದೆ, ಅಲ್ಲವೇ? ಮನೆಗೆ ಬಂದು ಕೈಗೆ ಅರಿಶಿನ, ಸೋಪು ಹಚ್ಚಿ ಮೂರು ಸಲ ತೊಳೆದೆ. ಮೂಸಿ ನೋಡಿದೆ. ಸೋಪಿನ ವಾಸನೆಯೇ ಇತ್ತು, ಆದರೂ ನಾಲ್ಕನೇ ಸಲ ತೊಳೆದೆ. ಮೇಘನಾ ಕೆಲಸ ಬಿಟ್ಟೆ ಎಂದಷ್ಟೇ ಶೈಲಾಳಿಗೆ ಹೇಳಿದ್ದಳು. ನನ್ನ ಹೆಸರು ಎತ್ತಿರಲಿಲ್ಲ. ಕೆಲಸ ಬಿಟ್ಟ ದಿನ ನೀರು ತಾ ಎಂದಿದ್ದೆನಲ್ಲ, ಆ ಸಂಜೆ ಗುಳಿಗೆ ಕೈಯಲ್ಲಿ ಹಿಡಿದು ಕಾದೆ. ಅವಳು ಕೋಣೆಯಿಂದ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಮೂರನೇ ದಿನ ಶಾಲೆಯಿಂದ ಬಂದವಳು ಮತ್ತೆ ಆ ಡಿಸೆಂಬರಿನ ಮೆಲುದನಿಯಲ್ಲಿ "ಐ ಆಮ್ ಫೈನ್" ಎನ್ನತೊಡಗಿದಳು. ಆಗ ನನಗೆ ಹೊಳೆಯಿತು. ಆ ಎರಡು ತಿಂಗಳು ಅವಳ ದನಿ ದೊಡ್ಡದಾಗಿತ್ತು. ಟೋಸ್ಟಿನ ಮಾತೇ ಆಗಿರಲಿ, ಗಟ್ಟಿಯಾಗಿ ಆಡುತ್ತಿದ್ದಳು. ಅಲ್ಲಿ ಯಾರೂ ಅವಳನ್ನು ಕಾಲೇಜು ಕೇಳುತ್ತಿರಲಿಲ್ಲ, ಉಪ್ಪು ಕೇಳುತ್ತಿದ್ದರು.

ಶೈಲಾಳಿಗೆ ಎಲ್ಲಾ ಹೇಳಿಬಿಟ್ಟೆ. ಅವಳು ಕೈಯಲ್ಲಿದ್ದ ಫೋನನ್ನು ಮಗುಚಿಟ್ಟಳು.

"ಅವ್ವಾ, ಮೂವತ್ತು ವರ್ಷ ತಾಟು ಎತ್ತೀದಿ. ಒಂದ ದಿನಾನೂ ನೀ ಅತ್ತಿದ್ದು ನಾ ನೋಡಿಲ್ಲ."

"ಅಟ್ಟದ ಮ್ಯಾಲೆ ಕುಂತಾಕಿಗೆ ಹೆಂಗ ಕಾಣಬೇಕು?"

"ಅಟ್ಟದಿಂದ ಎಲ್ಲಾ ಕಾಣತಿತ್ತು. ಗಿರಾಕಿ ಮ್ಯಾಲೆ ಜೋರು ಮಾಡ್ತಿದ್ದಿಯಲ್ಲ, ಅದೂ ಕಾಣತಿತ್ತು. ನನಗ ಯಾವಾಗ ಕೆಳಗ ಇಳದೇನೋ ಅನಸ್ತಿತ್ತು." ಅವಳು ಎದ್ದು ಹೋಗುತ್ತಾ ಹೇಳಿದಳು: "ಹೋಗಿ ಖರೇ ಹೇಳಿ ಬಾ. ನಾ ಕಾರಿನ್ಯಾಗ ಬಿಡಂಗಿಲ್ಲ, ನಡಕೊಂಡು ಹೋಗು."

ನಡೆದುಕೊಂಡೇ ಹೋದೆ. ಮಳೆ ಹನಿಯುತ್ತಿತ್ತು. ಊಟದ ಗದ್ದಲ ಮುಗಿದ ಹೊತ್ತು. ಬಾಗಿಲಲ್ಲೇ ನಿಂತೆ, ಯಾರಾದರೂ ಬಂದು ಕೂರಿಸುವ ತನಕ. ಯಾರೂ ಬರಲಿಲ್ಲ. ಸ್ಪೈರೋ ಕೌಂಟರಿನಿಂದ ನೋಡಿದಾಗ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದೆ. "ಗರ್ಲ್ ಗುಡ್. ಐ ಪುಟ್ ಬೇಕನ್. ಮೈ ಹ್ಯಾಂಡ್. ಐ ಆಮ್ ಗ್ರಾಂಡ್‌ಮದರ್." ಆ ಟೇಬಲ್ಲು, ಈ ಟೇಬಲ್ಲು ಎಂದು ಕೈ ಮಾಡಿ, ಬಗ್ಗಿ ಎತ್ತಿದ್ದನ್ನು ಅಭಿನಯಿಸಿ ತೋರಿಸಿದೆ.

ಡಾಟ್ ಕೈಯಲ್ಲಿದ್ದ ಕಾಫಿಯ ಜಗ್ಗನ್ನು ಕೆಳಗಿಟ್ಟಳು. "ಬೇರೆಯವರ ತಾಟಿನಿಂದ ತೆಗೆದ್ಯಾ? ನಿನ್ನ ಸ್ವಂತ ಮಗುವಿಗೆ ಹೀಗೆ ಮಾಡೋಕೆ?" ಅವಳು ಹೇಳಿದ್ದು ಇಂಗ್ಲಿಷಿನಲ್ಲಿ, ಆದರೆ ಒಂದಕ್ಷರವೂ ನನಗೆ ತಪ್ಪಲಿಲ್ಲ. "ನಾನು ನಲವತ್ತು ವರ್ಷದಿಂದ ತಾಟು ಎತ್ತುತ್ತಿದ್ದೇನೆ, ಲೇಡಿ. ಇಂಥದ್ದನ್ನು ಎತ್ತಿಲ್ಲ."

ನಾನು ಮೂವತ್ತು ವರ್ಷ ಎಂದು ಹೇಳಬೇಕೆಂದಿದ್ದೆ. ಮೂವತ್ತಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೊತ್ತಿದ್ದರೂ ಬಾಯಿಗೆ ಬರಲಿಲ್ಲ.

ಸ್ಪೈರೋ ಹೆಗಲ ಟವೆಲಿನಿಂದ ಕೌಂಟರನ್ನು ಒರೆಸಿದ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. ಕೊನೆಗೆ ಬೆರಳು ಬಾಗಿಲಿಗೆ ತೋರಿಸಿ ತೀರ್ಪು ಕೊಟ್ಟ: "ದ ಗರ್ಲ್ ಕಮ್ಸ್. ಯು, ನೆವರ್."

ಮೇಘನಾ ಮುಂದಿನ ಶನಿವಾರ ಮತ್ತೆ ಕೆಲಸಕ್ಕೆ ಹೋದಳು. ನನ್ನ ಕಡೆ ನೋಡಲೂ ಇಲ್ಲ, ಕೃತಜ್ಞತೆ ಹೇಳುವುದು ದೂರ ಉಳಿಯಿತು. ನನಗೆ ಬೇಕಾಗಿಯೂ ಇರಲಿಲ್ಲ. ಏಪ್ರಿಲ್, ಮೇ, ಎರಡೂ ತಿಂಗಳು ಸಂಜೆ ವಾಕಿಂಗ್ ಎಂದು ಹೊರಟು ಡೈನರಿನ ಮುಂದಿನ ಫುಟ್‌ಪಾತಿನಲ್ಲಿ ಆಚೆಯಿಂದೀಚೆ ನಡೆಯುತ್ತಿದ್ದೆ. ಗಾಜಿನೊಳಗೆ ಅವಳು ಮೂರು ತಾಟು, ಆಮೇಲೆ ನಾಲ್ಕು ತಾಟು ಹಿಡಿದು ಓಡಾಡುತ್ತಿದ್ದಳು. ನಾನು ನಿಂತು ಹೆಬ್ಬೆರಳನ್ನಷ್ಟೇ ನೋಡುತ್ತಿದ್ದೆ. ಒಮ್ಮೆ ಡಾಟ್ ಒಳಗಿನಿಂದ ನನ್ನನ್ನು ಕಂಡು ಕಿಟಕಿಯ ಪರದೆ ಎಳೆದಳು. ನಾನು ಪಕ್ಕದ ಕಿಟಕಿಗೆ ಹೋದೆ. ಅವಳು ಅದನ್ನೂ ಎಳೆದಳು.

ಸೆಪ್ಟೆಂಬರಿನಲ್ಲಿ ಮೇಘನಾ ಬೇರೊಂದು ಕಾಲೇಜಿಗೆ, ಹಾಸ್ಟೆಲಿಗೆ ಹೋದಳು. ರಜೆಗೆ ಬಂದಾಗ ನಮ್ಮಿಬ್ಬರ ನಡುವೆ ಮಾತು ಮೊದಲಾಯಿತು. ಜಗಳ ಮೊದಲಾಯಿತು ಎನ್ನುವುದೇ ಸರಿ. ಈ ಬೇಸಿಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳೂ ಅವಳೇ, ಪ್ರತಿ ತಪ್ಪಿಗೆ "ಆಯಿ, ಸೀರಿಯಸ್ಲಿ?" ಎನ್ನುತ್ತಾ. ಆದರೆ ನೀರು ಮಾತ್ರ ಕೊಡಲಿಲ್ಲ. ನಾನು ಕೇಳಲಿಲ್ಲ. ಗುಳಿಗೆಯ ಹೊತ್ತಿಗೆ ಅವಳು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು, ನಾನೇ ಎದ್ದು ನಲ್ಲಿ ತಿರುಗಿಸುತ್ತಿದ್ದೆ.

ಸ್ಪೈರೋ ಡೈನರನ್ನು ತಂಗಿಯ ಮಗನಿಗೆ ಬಿಟ್ಟು ಫ್ಲಾರಿಡಾಕ್ಕೆ ಹೋದನೆಂದು ಗೊತ್ತಾದ ಮೇಲೆಯೇ ಶೈಲಾ ಹೋದ ಭಾನುವಾರ ನನ್ನನ್ನು ಕರೆದುಕೊಂಡು ಹೋಗಿದ್ದು. ಡಾಟ್ ಇನ್ನೂ ಅಲ್ಲೇ ಇದ್ದಳು. ಮೇಘನಾಳನ್ನು ಅಪ್ಪಿಕೊಂಡಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಹೋಲ್ಡ್ ದ ಬೇಕನ್?" ಎಂದಳು. ಬೇಕನ್ ಹಾಕೋದು ಬೇಡ ತಾನೇ ಎಂದು. ಶೈಲಾ ನಕ್ಕಳು. ನಾನು ನಗಲಿಲ್ಲ, ನನಗೆ ಹೆಮ್ಮೆ ಜಾಸ್ತಿ.

ಅದೇ ಕೊನೆಯ ಬೂತು. ಟೇಪು ಹೊಸದು. ಮೇಘನಾ ನನ್ನೆದುರು ಕುಳಿತಿದ್ದಳು. ಟೋಸ್ಟಿಗೆ ಚಟ್ನಿಪುಡಿ ಜಾಸ್ತಿ ಹಚ್ಚಿಬಿಟ್ಟಿದ್ದೆ, ಈ ಸಲದ ಮೆಣಸಿನಕಾಯಿ ಬಲು ಖಾರ. ಎರಡನೇ ತುಂಡಿಗೆ ನೆತ್ತಿಗೇರಿತು. ಕೆಮ್ಮು, ಕಣ್ಣಲ್ಲಿ ನೀರು. ನನ್ನ ಲೋಟಕ್ಕೆ ಇನ್ನೂ ನೀರು ಹಾಕಿರಲಿಲ್ಲ. ಡಾಟ್ ದೂರದಲ್ಲಿ ಬೇರೆಯವರ ಆರ್ಡರು ಬರೆಯುತ್ತಿದ್ದಳು. ಶೈಲಾ ಬಾತ್‌ರೂಮಿಗೆ ಹೋಗಿದ್ದಳು. ಟೇಬಲ್ಲಿನ ಮೇಲೆ ನೀರಿದ್ದದ್ದು ಒಂದೇ ಲೋಟದಲ್ಲಿ, ಮೇಘನಾ ಅರ್ಧ ಕುಡಿದಿಟ್ಟದ್ದು. ಅಂಚಿನಲ್ಲಿ ಅವಳ ತುಟಿಯ ಬಣ್ಣವೂ ಹತ್ತಿತ್ತು.

ಎರಡು ವರ್ಷ ನುಂಗಿಕೊಂಡಿದ್ದ ಮಾತು ಕೆಮ್ಮಿನ ಜೊತೆ ಹೊರಗೆ ಬಂತು. "ಮೇಘೀ, ನೀರ ಕೊಡವಾ. ನಿನ್ನ ಕೈಲೆ ಕೊಡ."

ಅವಳು ಲೋಟವನ್ನು ಒಂದು ಬೆರಳಿನಿಂದ ಟೇಬಲ್ಲಿನ ನಡುವಿನ ತನಕ ಮೆಲ್ಲಗೆ ತಳ್ಳಿದಳು. ಅಲ್ಲಿಗೆ ನಿಲ್ಲಿಸಿದಳು. ಕೈ ಕಟ್ಟಿಕೊಂಡು ಹಿಂದಕ್ಕೆ ಒರಗಿ, ನಾನೇ ಕಲಿಸಿದ ಹುಬ್ಬಳ್ಳಿಯ ಕನ್ನಡದಲ್ಲಿ ಹೇಳಿದಳು:

"ಎಂಜಲಾ ಐತಿ. ನಾ ಎತ್ತಿ ಕೊಡಂಗಿಲ್ಲ, ಇದು ನನ್ನ ಟೇಬಲ್ ಅಲ್ಲ. ಬೇಕಂದ್ರ ನೀನ ಎತ್ತಗೋ, ಮ್ಯಾಮ್."